ಗೊತ್ತಿದ್ದೂ ಯಾಕೆ ಸುಮ್ಮನಿರುತ್ತೇವೆ

(ಬೆಂಗಳೂರಿನಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಭ್ರಷ್ಟಾಚಾರದ ಬಗ್ಗೆ ಮಾತಾಡಿ ಅಂದರೆ ಎಲ್ಲರೂ ರಾಜಕಾರಣಿಗಳಿಂದ ಶುರು ಮಾಡುತ್ತಾರೆ. ನಾನು ಇವತ್ತು ನಮ್ಮಿಂದ ಶುರು ಮಾಡುತ್ತೇನೆ. ತಿನ್ನುವವರು ಯಾಕೆ ತಿನ್ನುತ್ತಾರೆ ಅನ್ನುವುದು ಅಂಥ ಕಷ್ಟದ ಪ್ರಶ್ನೆಯಲ್ಲ. ತಿನ್ನುವುದು ಕಣ್ಣಿಗೆ ಕಾಣುತ್ತಿದ್ದರೂ ನಾವು ಯಾಕೆ ಸುಮ್ಮನಿರುತ್ತೇವೆ, ಐದು ವರ್ಷ ಕಳೆದ ಮೇಲೆ ಅದೇ ಮನುಷ್ಯನಿಗೆ ಯಾಕೆ ಮತ್ತೆ ವೋಟು ಹಾಕುತ್ತೇವೆ? ನನ್ನನ್ನು ಬಹಳ ವರ್ಷದಿಂದ ಕಾಡಿದ್ದು ಈ ಪ್ರಶ್ನೆ.

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಜನಕ್ಕೆ ಗೊತ್ತಿಲ್ಲ, ತಿಳಿಸಿ ಹೇಳಬೇಕು ಅನ್ನುವುದು ಒಂದು. ಜನರೇ ಸರಿ ಇಲ್ಲ, ಅವರಂಥವರೇ ಆರಿಸಿ ಬರುತ್ತಾರೆ ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ.

ಗೊತ್ತಿಲ್ಲ ಅನ್ನುತ್ತೀರಾ? ನಿಮ್ಮ ವಾರ್ಡಿನ ಟೀ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ಕೇಳಿ. ಚರಂಡಿ ಕಾಮಗಾರಿ ಯಾರಿಗೆ ಸಿಕ್ಕಿತು, ಅವನು ಯಾರ ಭಾವಮೈದ, ಬಿಲ್ ಪಾಸಾಗಲು ಎಲ್ಲೆಲ್ಲಿ ಎಷ್ಟು ಕೊಟ್ಟ, ಎಲ್ಲ ಲೆಕ್ಕವೂ ಸಿಗುತ್ತದೆ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಅಭ್ಯರ್ಥಿಯ ಆಸ್ತಿ, ಸಾಲ, ಮೇಲಿರುವ ಕ್ರಿಮಿನಲ್ ಕೇಸು ಎಲ್ಲವೂ ಅಫಿಡವಿಟ್‌ನಲ್ಲಿ ಬರುತ್ತವೆ, ಪೇಪರಿನಲ್ಲಿ ಅಚ್ಚಾಗುತ್ತವೆ. ಐದು ವರ್ಷದಲ್ಲಿ ಯಾರ ಆಸ್ತಿ ಎಷ್ಟು ಪಟ್ಟು ಬೆಳೆಯಿತು ಅಂತ ನಾವೇ ಓದಿ, ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಮಾಹಿತಿಗೆ ಬರ ಇಲ್ಲ.

ಜನ ಸರಿ ಇಲ್ಲ ಅನ್ನುವ ಮಾತು ನನಗೆ ನೋವು ಕೊಡುತ್ತದೆ. ಇದೇ ಊರಿನಲ್ಲಿ ಆಟೋದಲ್ಲಿ ಬಿಟ್ಟುಹೋದ ಬ್ಯಾಗನ್ನು ಹುಡುಕಿಕೊಂಡು ಬಂದು ಕೊಡುವ ಚಾಲಕರಿದ್ದಾರೆ. ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಚೀಟಿ ನಡೆಸುವ ಹೆಂಗಸರಿದ್ದಾರೆ. ಇವರೆಲ್ಲ ವೋಟು ಹಾಕುವ ದಿನ ಮಾತ್ರ ಕೆಟ್ಟವರಾಗುತ್ತಾರೆ ಅಂದರೆ ನಾನು ನಂಬುವುದಿಲ್ಲ.

ನನಗೆ ಕಂಡ ಕಾರಣ ಹೇಳುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಕಾನೂನಿನ ಗೆರೆಯಿಂದ ಸ್ವಲ್ಪ ಆಚೆ ನಿಂತು ಬದುಕುತ್ತಿದ್ದೇವೆ. ಎಷ್ಟೋ ಸಲ ಅಲ್ಲಿ ನಿಲ್ಲಿಸಿದ್ದು ಸರ್ಕಾರವೇ. ಗೆರೆಯಾಚೆ ನಿಂತವರಿಗೆ ಕಾಯುವವರು ಬೇಕು. ನಮ್ಮನ್ನು ಕಾಯುವವನೂ ತಿನ್ನುವವನೂ ಒಬ್ಬನೇ ಆಗಿರುವಾಗ, ಅವನ ಮೇಲೆ ದೂರು ಕೊಡುವ ಧೈರ್ಯ ಎಲ್ಲಿಂದ ಬರಬೇಕು?

ಮನೆಯಿಂದಲೇ ನೋಡೋಣ. ಇಲ್ಲಿ ಕೂತಿರುವವರಲ್ಲಿ ಸ್ವಂತ ಮನೆ ಇರುವವರು ಸುಮ್ನೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ, ಕೈ ಎತ್ತಬೇಡಿ. ನಿಮ್ಮ ಮನೆಯ ಸುತ್ತ ನಿಯಮದಷ್ಟು ಜಾಗ ಬಿಟ್ಟಿದ್ದೀರಾ? ನಕ್ಷೆಯಲ್ಲಿ ಇದ್ದಷ್ಟೇ ಅಂತಸ್ತು ಇದೆಯಾ? ಓಸಿ, ಅಂದರೆ ನಕ್ಷೆಯಂತೆ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಇದೆಯಾ? ಮೂವತ್ತು ನಲವತ್ತರ ಸೈಟು. ಮಗಳ ಓದಿಗೆ, ಮದುವೆಗೆ, ರಿಟೈರ್ ಆದ ಮೇಲಿನ ಖರ್ಚಿಗೆ ಬಾಡಿಗೆ ಬರಲಿ ಅಂತ ಮೇಲೊಂದು ಮನೆ ಎಬ್ಬಿಸಿದ್ದೇವೆ. ಇದನ್ನು ನಾನು ಪಾಪ ಅನ್ನುವುದಿಲ್ಲ. ಈ ಊರು ಬೆಳೆದ ವೇಗಕ್ಕೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹಂಚಿದ ಸೈಟು ಸಾಲಲಿಲ್ಲ. ಮಧ್ಯಮ ವರ್ಗದವರು, ಬಡವರು ರೆವಿನ್ಯೂ ಲೇಔಟಿನಲ್ಲಿ, ಅಂದರೆ ಕೃಷಿ ಜಮೀನನ್ನು ಅನುಮತಿ ಇಲ್ಲದೆ ತುಂಡು ಮಾಡಿ ಮಾರಿದ ಬಡಾವಣೆಯಲ್ಲಿ, ಸೈಟು ಕೊಂಡರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ಮಾಡಿದಾಗ ಇಂಥ ಬಡಾವಣೆಗಳೆಲ್ಲ ಒಟ್ಟಿಗೆ ನಗರದೊಳಗೆ ಬಂದವು. ಅವುಗಳಿಗಾಗಿ ಬಿ ಖಾತಾ ಅನ್ನುವ ರಿಜಿಸ್ಟರ್ ಇಟ್ಟರು. ಅಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತೇವೆ, ಆದರೆ ನಿಮ್ಮ ಮನೆ ಸಕ್ರಮ ಅಂತ ಒಪ್ಪುವುದಿಲ್ಲ ಅಂತ. ಲಕ್ಷಾಂತರ ಸಂಸಾರಗಳು ಹೀಗೆ ಬಾಗಿಲ ಹೊರಗೂ ಇಲ್ಲ, ಒಳಗೂ ಇಲ್ಲ.

ಇದರ ಫಲ ಏನು ಅಂತ ನಮ್ಮ ಬಡಾವಣೆಯಲ್ಲೇ ಕಂಡಿದ್ದೇನೆ. ಒಬ್ಬರು ನಿವೃತ್ತ ಮೇಷ್ಟ್ರು. ರಸ್ತೆಗೆ ಹಾಕಿದ ಡಾಂಬರು ಮೊದಲ ಮಳೆಗೇ ಕಿತ್ತುಬಂತು. ಬಿಲ್ ಎಷ್ಟಾಯಿತು ಅಂತ ಕೇಳಲು ಅರ್ಜಿ ಬರೆದುಕೊಂಡು ಆಫೀಸಿಗೆ ಹೋದರು. ಎಂಜಿನಿಯರು ತುಂಬ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. “ಕಾಫಿ ತರಿಸ್ಲಾ ಸಾರ್?” ಅಂದರು. ಆಮೇಲೆ, “ನಿಮ್ಮನೆ ಮೂರನೇ ಕ್ರಾಸಲ್ಲಿ ಅಲ್ವಾ ಸಾರ್? ಮೇಲೊಂದು ಫ್ಲೋರ್ ಹಾಕಿದ್ದೀರಲ್ಲ?” ಅಂದರು. ಅಷ್ಟೇ. ಬೆದರಿಕೆ ಇಲ್ಲ, ಗದರಿಕೆ ಇಲ್ಲ. ಮೇಷ್ಟ್ರು ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು ಬಂದರು. ಅವರು ಹೇಡಿಯಲ್ಲ. ಜೀವಮಾನದ ಉಳಿತಾಯವೆಲ್ಲ ಆ ಮನೆಯಲ್ಲಿದೆ.

ಈ ಅಕ್ರಮಗಳು ಒಂದೇ ಸಲಕ್ಕೆ ಬಗೆಹರಿಯುವುದೂ ಇಲ್ಲ. ದಂಡ ಕಟ್ಟಿಸಿಕೊಂಡು ಇಂಥ ಕಟ್ಟಡಗಳನ್ನು ಸಕ್ರಮ ಮಾಡುವ ಅಕ್ರಮ ಸಕ್ರಮ ಯೋಜನೆಯ ಕಥೆ ನಿಮಗೆ ಗೊತ್ತಿದೆ. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಬಂತು, 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ 2016ರ ಆಗಸ್ಟ್‌ನಲ್ಲಿ ಅರಕೆರೆ ಬಳಿಯ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಒತ್ತುವರಿ ಅಂತ ಮನೆಗಳನ್ನು ಒಡೆದಾಗ, ಜನ ಖಾತೆ, ಮಂಜೂರಾದ ನಕ್ಷೆ, ಬ್ಯಾಂಕ್ ಸಾಲದ ಪತ್ರ ಹಿಡಿದುಕೊಂಡು ಜೆಸಿಬಿ ಮುಂದೆ ನಿಂತಿದ್ದರು. ಆ ದೃಶ್ಯ ನೋಡಿದ ಊರಿಗೆ ಒಂದು ವಿಷಯ ಮನಸ್ಸಿಗೆ ಹತ್ತಿತು. ಕಾಗದಪತ್ರ ಇದ್ದರೆ ಸಾಲದು, ಕಷ್ಟಕ್ಕೆ ಫೋನ್ ಎತ್ತುವ ಒಬ್ಬ ಮನುಷ್ಯ ಬೇಕು. ಇನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದಿತು. ಆ ತೀರ್ಪಿನ ಹಿಂದಿನ ಕಾಳಜಿ ನ್ಯಾಯವಾದದ್ದೇ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತಿದ್ದರು. ಆದರೆ ತೀರ್ಪು ಬಂದಾಗ ಬೆಂಗಳೂರಿನ ಸಾವಿರಾರು ಸಣ್ಣ ಮನೆಯವರು ಮೀಟರ್ ಸಿಗದೆ ಶಾಸಕರ ಮನೆಗಳಿಗೆ ಎಡತಾಕಬೇಕಾಯಿತು.

ಮನೆ ಇಲ್ಲದವರ ಪಾಡೂ ಬೇರೆಯಲ್ಲ. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾನೂನು ಬಂತು. ಸರ್ವೆ ಮಾಡಿ, ಪ್ರಮಾಣಪತ್ರ ಕೊಟ್ಟು, ಜಾಗ ಗುರುತಿಸಬೇಕು ಅಂತ ಅದರಲ್ಲಿದೆ. ಪ್ರಮಾಣಪತ್ರ ಸಿಗದ ತಳ್ಳುಗಾಡಿಯವಳು ದಿನಾ ಅಕ್ರಮ. ನಾಳೆ ಗಾಡಿ ಎತ್ತಿಕೊಂಡು ಹೋಗದಿರಲಿ ಅಂತ ಅವಳು ಸ್ಥಳೀಯ ಲೀಡರ್‌ನ ಹುಡುಗರಿಗೆ ಕೊಡುತ್ತಾಳೆ, ಅವರ ಮೆರವಣಿಗೆಗೂ ಹೋಗುತ್ತಾಳೆ. ಅವಳಿಗೆ ಹೋಗಿ ‘ಭ್ರಷ್ಟರಿಗೆ ವೋಟು ಹಾಕಬೇಡಮ್ಮ’ ಅಂದರೆ ಅವಳು ಏನು ಹೇಳಬೇಕು? ಅವಳ ಮಟ್ಟಿಗೆ ಆ ಲೀಡರ್ ಒಂದು ವಿಮೆ. ಕಂತು ಜಾಸ್ತಿಯಾಯಿತು ಅಂತ ವಿಮೆ ಬಿಡಲು ಅವಳಿಂದ ಆಗುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಯಾವ ಶಾಸಕರ ಮನೆ ಮುಂದೆಯಾದರೂ ಹೋಗಿ ನೋಡಿ. ನಾನು ನೋಡಿದ್ದೇನೆ. ಅಲ್ಲಿ ಕಾನೂನು ಮಾಡಿಕೊಡಿ ಅಂತ ಬಂದವರು ಯಾರೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಬೆಡ್ ಬೇಕು, ಮಗನಿಗೆ ಸೀಟು ಬೇಕು, ಸ್ಟೇಷನ್ನಿನಲ್ಲಿ ಕೂರಿಸಿಕೊಂಡಿರುವ ತಮ್ಮನನ್ನು ಬಿಡಿಸಬೇಕು, ವಿಧವಾ ವೇತನ ನಿಂತುಹೋಗಿದೆ. ಶಾಸಕರು ಒಂದು ಫೋನ್ ಮಾಡಿದರೆ ಆ ಕೆಲಸ ಆಗುತ್ತದೆ. ‘ತಿಂದ್ರೂ ಕೆಲಸ ಮಾಡ್ಕೊಡ್ತಾರೆ’ ಅನ್ನುವ ಮಾತನ್ನು ನಾವು ಬುದ್ಧಿವಂತರು ಹೀಗಳೆಯುತ್ತೇವೆ. ಆ ಮಾತಿನ ಹಿಂದೆ ರಾತ್ರಿ ಎರಡು ಗಂಟೆಗೆ ತಾಯಿಯನ್ನು ಕರೆದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಮನುಷ್ಯ ಇದ್ದಾನೆ. ಪ್ರಾಮಾಣಿಕ ಅಭ್ಯರ್ಥಿ ಅವನಿಗೆ ಒಳ್ಳೆಯ ಆಡಳಿತದ ಭರವಸೆ ಕೊಡುತ್ತಾನೆ. ಅದು ಬರುವ ತನಕ ಅವನ ತಾಯಿಯ ಗತಿ ಏನು? ಈ ಪ್ರಶ್ನೆಗೆ ಉತ್ತರ ಇಲ್ಲದ ಯಾವ ಭ್ರಷ್ಟಾಚಾರ ವಿರೋಧಿ ಚಳವಳಿಯೂ ಊರಿನ ಒಂದು ಭಾಗದಲ್ಲೇ ಉಳಿಯುತ್ತದೆ.

ಚುನಾವಣೆಯ ದುಡ್ಡಿನ ಬಗ್ಗೆಯೂ ಹೇಳಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಚುನಾವಣಾ ಆಯೋಗ ನಮ್ಮ ರಾಜ್ಯದಲ್ಲಿ ಹಿಡಿದ ಹಣ, ಹೆಂಡ, ಉಡುಗೊರೆ ಎಲ್ಲ ಸೇರಿ ಸುಮಾರು 375 ಕೋಟಿ ರೂಪಾಯಿ. ಹಿಂದಿನ ಚುನಾವಣೆಯ ನಾಲ್ಕು ಪಟ್ಟಿಗಿಂತ ಜಾಸ್ತಿ. ಇದು ಸಿಕ್ಕಿಬಿದ್ದದ್ದು ಮಾತ್ರ. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ. ಪಕ್ಷಕ್ಕೆ ಮಿತಿಯೇ ಇಲ್ಲ. ಜನ ದುಡ್ಡಿಗೆ ವೋಟು ಮಾರಿಕೊಳ್ಳುತ್ತಾರೆ ಅಂತ ಬೈಯುತ್ತಾರೆ. ನಾನು ಮಾತಾಡಿಸಿದ ಎಷ್ಟೋ ಮಂದಿ ಎಲ್ಲರ ಹತ್ತಿರವೂ ತೆಗೆದುಕೊಂಡು, ವೋಟನ್ನು ಮಾತ್ರ ತಮಗೆ ಬೇಕಾದವರಿಗೆ ಹಾಕಿದ್ದರು. ಹಾಗಾದರೆ ದುಡ್ಡಿನ ಕೆಲಸ ಏನು? ಈ ಮನುಷ್ಯನಿಗೆ ತಾಕತ್ತಿದೆ, ನಾಳೆ ನಮ್ಮ ಕೆಲಸ ಮಾಡಿಸಿಕೊಡಬಲ್ಲ ಅನ್ನುವ ನಂಬಿಕೆ ಹುಟ್ಟಿಸುವುದು. ಖರ್ಚು ಮಾಡದವನನ್ನು ಜನ ಒಳ್ಳೆಯವನು ಅನ್ನುತ್ತಾರೆ, ಅಯ್ಯೋ ಪಾಪ ಅನ್ನುತ್ತಾರೆ.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ ಹೊಸನಗರದ ಕಡೆಯಿಂದ ಗೆದ್ದು ಬಂದಾಗ ಅವರ ಹತ್ತಿರ ದುಡ್ಡಿರಲಿಲ್ಲ. ವೋಟಿನ ಜೊತೆಗೆ ನೋಟನ್ನೂ ಜನರೇ ಕೊಟ್ಟರು ಅಂತ ಮಲೆನಾಡಿನಲ್ಲಿ ಇವತ್ತಿಗೂ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಅವರಿಗೆ ವೋಟು ಹಾಕಿದ ಗೇಣಿದಾರರಿಗೂ ಧಣಿಗಳ ಭಯ ಇತ್ತು. ನಮಗಿಂತ ಜಾಸ್ತಿಯೇ ಇತ್ತು. ಆದರೆ 1951ರ ಕಾಗೋಡು ಸತ್ಯಾಗ್ರಹದಲ್ಲಿ, ಧಣಿಗಳ ವಿರುದ್ಧ, ಅವರು ಒಟ್ಟಿಗೆ ಗದ್ದೆಗೆ ಇಳಿದಿದ್ದರು. ಒಬ್ಬೊಬ್ಬರೇ ಹೆದರುವುದಕ್ಕೂ ಸೇರಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಚುನಾವಣೆಗೆ ಮೊದಲೇ ಗೊತ್ತಾಗಿತ್ತು. ಇದಕ್ಕೆ ಆಮೇಲೆ ಬರುತ್ತೇನೆ.

ಜಾತಿ ಮತ್ತು ಪಕ್ಷದ ವಿಷಯ ನಿಮಗೆಲ್ಲ ಗೊತ್ತಿರುವುದೇ, ಉದ್ದ ಮಾಡುವುದಿಲ್ಲ. ನಮ್ಮವನು ತಿಂದರೆ ಅದು ಸುಳ್ಳು ಕೇಸು, ಅವರವನು ತಿಂದರೆ ಹಗರಣ.

ಆದರೆ ಜನ ಯಾವತ್ತೂ ಶಿಕ್ಷೆ ಕೊಡುವುದಿಲ್ಲ ಅನ್ನುವುದು ನಿಜವಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. 2008ರಲ್ಲಿ 110 ಸೀಟು ಗೆದ್ದಿದ್ದ ಪಕ್ಷ 2013ರಲ್ಲಿ 40ಕ್ಕೆ ಇಳಿಯಿತು. ಪಕ್ಷ ಒಡೆದದ್ದೂ ಕಾರಣ, ಆದರೆ ಗಣಿ ಹಗರಣದ ಸಿಟ್ಟು ಎದ್ದು ಕಾಣುತ್ತಿತ್ತು. 2021ರಲ್ಲಿ ಗುತ್ತಿಗೆದಾರರ ಸಂಘ ಸರ್ಕಾರಿ ಕಾಮಗಾರಿಗಳಲ್ಲಿ ಶೇ. 40ರ ಕಮಿಷನ್ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆಯಿತು. 2023ರಲ್ಲಿ ಅದೇ ದೊಡ್ಡ ಚುನಾವಣಾ ವಿಷಯವಾಯಿತು, ಸರ್ಕಾರ ಬದಲಾಯಿತು. ಬಂದ ಹೊಸ ಸರ್ಕಾರದಲ್ಲಿ ಒಂದೇ ವರ್ಷಕ್ಕೆ ವಾಲ್ಮೀಕಿ ನಿಗಮದ ಹಗರಣ ಹೊರಬಿತ್ತು, ಒಬ್ಬ ಸಚಿವರು ರಾಜೀನಾಮೆ ಕೊಟ್ಟರು. ಪರಿಶಿಷ್ಟ ಪಂಗಡದ ಜನರ ಹೆಸರಿನಲ್ಲಿ ಇಟ್ಟ ಹಣ ಅದು. ಶಿಕ್ಷೆ ಕೊಟ್ಟ ಮೇಲೂ ಇದನ್ನೇ ನೋಡಬೇಕಾದ ಮತದಾರನಿಗೆ ಎಷ್ಟು ಸುಸ್ತಾಗಿರಬೇಡ, ಯೋಚಿಸಿ. ಆ ಸುಸ್ತನ್ನು ಹೊರಗಿನಿಂದ ನೋಡಿದರೆ ಸಹನೆಯ ಹಾಗೆ ಕಾಣುತ್ತದೆ.

ಕಾವಲು ಸಂಸ್ಥೆಗಳಿಗೆ ಏನಾಯಿತು ಅನ್ನುವುದನ್ನೂ ಜನ ನೋಡಿದ್ದಾರೆ. ಕರ್ನಾಟಕದ ಲೋಕಾಯುಕ್ತ ಒಂದು ಕಾಲಕ್ಕೆ ಇಡೀ ದೇಶಕ್ಕೆ ಮಾದರಿಯಾಗಿತ್ತು. ನ್ಯಾಯಮೂರ್ತಿ ವೆಂಕಟಾಚಲ ಅವರು ಹೇಳದೆ ಕೇಳದೆ ಆಸ್ಪತ್ರೆಗೆ, ಆರ್‌ಟಿಓ ಕಚೇರಿಗೆ ನುಗ್ಗುತ್ತಿದ್ದಾಗ ಜನ ಚಪ್ಪಾಳೆ ಹೊಡೆದರು. 2015ರಲ್ಲಿ ಅದೇ ಸಂಸ್ಥೆಯೊಳಗೆ ಸುಲಿಗೆಯ ಆರೋಪ ಬಂದು ಲೋಕಾಯುಕ್ತರ ಮಗನ ಬಂಧನವಾಯಿತು, ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಮಾಡಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರ ವಾಪಸ್ ಕೊಡಿಸಿತು. ಆ ಆರು ವರ್ಷ ದೂರು ಕೊಟ್ಟವರ ಕಥೆ ಏನು? ದಾಳಿ ಆದಾಗ ಟಿವಿಯಲ್ಲಿ ಚಿನ್ನ, ನೋಟಿನ ಕಟ್ಟು ತೋರಿಸುತ್ತಾರೆ. ಆಮೇಲೆ ವಿಚಾರಣೆಗೆ ಸರ್ಕಾರದ ಅನುಮತಿ ಬೇಕು, ಅದು ಬರುವುದಿಲ್ಲ. ಅದೇ ಅಧಿಕಾರಿ ಒಳ್ಳೆಯ ಹುದ್ದೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಿಂದ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ಹೇಳಬೇಕು. ಕೆಲಸ ಇನ್ನೂ ಲಂಚ ತೆಗೆದುಕೊಂಡವನ ಕೈಯಲ್ಲೇ ಇರುವಾಗ ಏಳು ದಿನದಲ್ಲಿ ಯಾರು ಹೋಗಿ ಹೇಳುತ್ತಾರೆ?

ಇಷ್ಟೆಲ್ಲ ಹೇಳಿದ ಮೇಲೆ, ಜನ ಸಹಿಸದೆ ಎದ್ದು ನಿಂತ ಉದಾಹರಣೆಗಳನ್ನೂ ಎದುರಿಗೆ ಇಡಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿದ್ದರು. ಸುಮಾರು 1,800 ಕೋಟಿಯ ಯೋಜನೆ, 800ಕ್ಕೂ ಹೆಚ್ಚು ಮರ ಕಡಿಯಬೇಕಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಬಳ್ಳಾರಿ ರಸ್ತೆಯ ಉದ್ದಕ್ಕೂ ಕೈ ಕೈ ಹಿಡಿದು ನಿಂತರು. ವೀಲ್‌ಚೇರಿನಲ್ಲಿ ಬಂದವರಿದ್ದರು, ಮಕ್ಕಳಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವರಿಗೆ ಎಲ್ಲಿಂದ ಬಂತು ಧೈರ್ಯ? ಅವರ ಮಾತಿನಲ್ಲಿ ಸತ್ಯ ಇತ್ತು ನಿಜ. ಆದರೆ ಇನ್ನೊಂದು ವಿಷಯವನ್ನೂ ನೋಡಿ. ಆ ಸಾಲಿನಲ್ಲಿ ನಿಂತ ಹೆಚ್ಚಿನವರಿಗೆ ಮರುದಿನ ಶಾಸಕರ ಮನೆಗೆ ಹೋಗಿ ಕೈಕಟ್ಟಿ ನಿಲ್ಲುವ ಅಗತ್ಯ ಇರಲಿಲ್ಲ. ಮತ್ತೆ, ಅಲ್ಲಿ ಯಾರೂ ಒಬ್ಬರೇ ಇರಲಿಲ್ಲ.

ಹಳ್ಳಿ ಕಡೆಯ ಉದಾಹರಣೆ ಭೂಮಿ ಯೋಜನೆ. ಕೈಬರಹದ ಪಹಣಿ, ಅಂದರೆ ಜಮೀನಿನ ದಾಖಲೆ, ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಕಾಲದಲ್ಲಿ ರೈತ ಅವರ ಹಿಂದೆ ಓಡಾಡಬೇಕಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿ, 15 ರೂಪಾಯಿ ಕಟ್ಟಿದರೆ ಕೌಂಟರಿನಲ್ಲಿ ಸಿಗುವ ಹಾಗೆ ಮಾಡಿದಾಗ, ಆ ಒಂದು ಕಾಗದದ ಮಟ್ಟಿಗೆ ರೈತ ಯಾರ ದಯೆಯಲ್ಲೂ ಇರಲಿಲ್ಲ. ಲಂಚ ಪೂರ್ತಿ ಹೋಗಲಿಲ್ಲ, ಮನುಷ್ಯರ ಸಹಿ ಬೇಕಾದ ಖಾತೆ ಬದಲಾವಣೆಯ ಕಡೆಗೆ ಸರಿಯಿತು. ಆದರೂ ಅದು ದೊಡ್ಡ ಕೆಲಸ.

ಸರ್ಕಾರಿ ಸೇವೆಗಳಿಗೆ ಗಡುವು ಹಾಕಿ 2012ರಲ್ಲಿ ಶುರುವಾದ ಸಕಾಲ ಇನ್ನೊಂದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ತಡ ಮಾಡಿದ ನೌಕರನ ಸಂಬಳದಿಂದ. ನಿಮ್ಮಲ್ಲಿ ಎಷ್ಟು ಜನ ಆ 20 ರೂಪಾಯಿ ಕೇಳಿದ್ದೀರಿ? ನನ್ನ ಪರಿಚಯದವರಲ್ಲಿ ಯಾರೂ ಕೇಳಿಲ್ಲ. ನಾಳೆ ಮತ್ತೆ ಅದೇ ಟೇಬಲ್ಲಿಗೆ ಹೋಗಬೇಕಲ್ಲ ಅನ್ನುತ್ತಾರೆ. ಒಳ್ಳೆಯ ಕಾನೂನು ಕೂಡ ಆ ಹೆದರಿಕೆಯ ಎದುರು ನಿಂತುಬಿಡುತ್ತದೆ.

ಅದಕ್ಕೇ ನನ್ನ ಬೇಡಿಕೆ ಸಾಮಾನ್ಯವಾಗಿ ಕೇಳುವುದಕ್ಕಿಂತ ಬೇರೆ. ಲೋಕಾಯುಕ್ತಕ್ಕೆ ಬಲ ಬೇಕು, ಬೇಡ ಅಂದವರು ಯಾರು? ಆದರೆ ಅದರ ಜೊತೆಗೆ, ಸಾಮಾನ್ಯ ಜನರನ್ನು ಗೆರೆಯೊಳಗೆ ಕರೆದುಕೊಳ್ಳಿ ಅಂತ ಕೇಳೋಣ. ಮೂವತ್ತು ನಲವತ್ತರ ಸೈಟಿನಲ್ಲಿ ಸಂಸಾರಸ್ಥರು ನಿಜಕ್ಕೂ ಪಾಲಿಸಬಹುದಾದ ಕಟ್ಟಡ ನಿಯಮ ಮಾಡಿ. ಅಪಾಯದ ಕಟ್ಟಡ, ರಾಜಕಾಲುವೆ ಮೇಲಿನ ಕಟ್ಟಡ ಬಿಟ್ಟು, ಉಳಿದ ಸಣ್ಣ ಮನೆಗಳನ್ನು ಗೊತ್ತುಮಾಡಿದ ಶುಲ್ಕ ಕಟ್ಟಿಸಿಕೊಂಡು ಒಂದೇ ಸಲ ಸಕ್ರಮ ಮಾಡಿ. ತಳ್ಳುಗಾಡಿಯವಳಿಗೆ ಪ್ರಮಾಣಪತ್ರ ಕೊಡಿ. ಯಾವ ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಖಾಲಿ ಇದೆ ಅಂತ ಎಲ್ಲರಿಗೂ ಕಾಣುವಂತೆ ಹಾಕಿ. ಇದು ಅಕ್ರಮಕ್ಕೆ ಬಹುಮಾನ ಕೊಟ್ಟ ಹಾಗಲ್ಲವೇ ಅಂತ ನೀವು ಕೇಳಬಹುದು. ದೊಡ್ಡ ಬಿಲ್ಡರಿಗೂ ಮೇಷ್ಟ್ರಿಗೂ ಒಂದೇ ಅಳತೆಗೋಲು ಹಿಡಿದರೆ ಹೌದು. ಅದಕ್ಕೇ ಸೈಟಿನ ಅಳತೆಗೆ ಮಿತಿ ಇರಬೇಕು.

ಇನ್ನೊಂದು ಸಂಗತಿ. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಕ್ಕೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಊರನ್ನು ಐದು ಪಾಲಿಕೆ ಮಾಡಿ ಮೇಲೊಂದು ಪ್ರಾಧಿಕಾರ ಕೂರಿಸಿದಾಗಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಇಷ್ಟು ದೊಡ್ಡ ನಗರದ ಜನ ಐದು ವರ್ಷ, ತಮ್ಮ ಚರಂಡಿಗೆ ಜವಾಬ್ದಾರರಾದವರನ್ನು ಆರಿಸಲೂ ಆಗಲಿಲ್ಲ, ಸೋಲಿಸಲೂ ಆಗಲಿಲ್ಲ. ಬೆಂಗಳೂರಿನವರು ವೋಟು ಹಾಕುವುದಿಲ್ಲ ಅಂತ ಪ್ರತಿ ಸಲ ಬೈಯುತ್ತಾರೆ. 2023ರಲ್ಲಿ ರಾಜ್ಯದಲ್ಲಿ ಶೇ. 73 ದಾಟಿದಾಗ ಇಲ್ಲಿ ಶೇ. 55ರ ಆಸುಪಾಸು ಇತ್ತು, ನಿಜ. ಬೈಯುವವರು ಪಾಲಿಕೆ ಚುನಾವಣೆಯನ್ನು ಮುಂದೂಡಿದವರಿಗೂ ಅಷ್ಟೇ ಜೋರಾಗಿ ಬೈಯಲಿ.

ಮಾತು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಒಬ್ಬ ತಾಯಿ ಚೀಟಿ ಬರೆದು ಕಳಿಸಿದ್ದಾರೆ: “ನಮ್ಮ ಮನೆಗೂ ಓಸಿ ಇಲ್ಲ. ನಾನು ಹೇಗೆ ಪ್ರಶ್ನೆ ಕೇಳಲಿ?” ಈ ಸಭೆಯಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಮಾತು ಇದು, ಅಮ್ಮ. ಒಬ್ಬರೇ ಹೋಗಬೇಡಿ. ಗೋಪಾಲಗೌಡರ ಮಾತು ಎತ್ತಿದ್ದು ಇದಕ್ಕೇ. ನಿಮ್ಮ ರಸ್ತೆಯ ಹತ್ತು ಮನೆಯವರು ಸೇರಿ. ಯಾರೂ ಕಚೇರಿಗೆ ಹೋಗಿ ಟೇಬಲ್ ಮುಂದೆ ಕೂರುವುದು ಬೇಡ. ಮಾಹಿತಿ ಹಕ್ಕಿನ ಅರ್ಜಿಯನ್ನು ಅಂಚೆಯಲ್ಲಿ ಕಳಿಸಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಾಗಾಗಿ ಒಬ್ಬರು ಕೆಲಸದ ಆದೇಶ ಕೇಳಿ, ಒಬ್ಬರು ಬಿಲ್ ಕೇಳಿ, ಒಬ್ಬರು ಅಳತೆ ಪುಸ್ತಕದ ನಕಲು ಕೇಳಿ. ಯಾಕೆ ಬೇಕು ಅಂತ ಬರೆಯಬೇಕಾಗಿಲ್ಲ, ಕಾನೂನಿನ ಆರನೇ ಸೆಕ್ಷನ್ನಿನಲ್ಲೇ ಅದು ಇದೆ. 30 ದಿನ ಕಾಯಿರಿ, ಉತ್ತರ ಬರದಿದ್ದರೆ ಹತ್ತು ಜನವೂ ಮೇಲ್ಮನವಿ ಹಾಕಿ. ಅರ್ಜಿ ಬರೆಯಲು ಯಾರಿಗೆ ಸಹಾಯ ಬೇಕೋ ಅವರು ಇಲ್ಲೇ ಉಳಿದುಕೊಳ್ಳಿ, ಇವತ್ತೇ ಕೂತು ಬರೆಯೋಣ.